ಹದಿನಾರರ ಗೆಳತಿ, ಎಪ್ಪತ್ತಾರರ ಗೆಳತಿ

ಗೆಳೆತನ ಎಂದ ಕೂಡಲೇ ನಮ್ಮ ಕಣ್ಣೆದುರಿಗೆ ಬರುವುದು ಒಂದೇ ವಯಸ್ಸಿನವರ ಗುಂಪು. ಒಂದೇ ಬೆಂಚು, ಒಂದೇ ಬಸ್ಸು, ಒಂದೇ ಬಗೆಯ ತಮಾಷೆ. ಹದಿನಾರು ವರ್ಷದ ಹುಡುಗಿಗೆ ಎಪ್ಪತ್ತಾರು ವರ್ಷದ ಮುದುಕಿ ಗೆಳತಿ ಎಂದರೆ ಮನೆಯವರೇ ನಕ್ಕಾರು. ‘ಪಾಪ, ಒಳ್ಳೇ ಹುಡುಗಿ, ಅಜ್ಜಿಗೆ ಸಹಾಯ ಮಾಡ್ತಾಳೆ’ ಎಂದು ಹೊಗಳುತ್ತಾರೆ. ಗೆಳತಿ ಎಂದು ಮಾತ್ರ ಒಪ್ಪುವುದಿಲ್ಲ. ಈ ಗೆಳೆತನದಲ್ಲಿ ಲಾಭ ಮುದುಕಿಗೆ ಮಾತ್ರ ಎಂಬ ಎಣಿಕೆ ಅವರ ಹೊಗಳಿಕೆಯಲ್ಲೇ ಅಡಗಿದೆ. ಅದು ಎಷ್ಟು ಸರಿ? ಹುಡುಗಿಗೆ ಇದರಿಂದ ಏನಾಗುತ್ತದೆ? ಅವಳು ಬೆಳೆಯುತ್ತಾಳೆ ಎನ್ನುವುದಾದರೆ ಅದು ಹೇಗೆ ನಡೆಯುತ್ತದೆ? ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ನೋಡುವುದಕ್ಕೆ ಒಂದು ಊರನ್ನು ಆರಿಸಿಕೊಳ್ಳೋಣ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಮಳೆ ಬಂದ ವರ್ಷ ಶೇಂಗಾ, ಬಾರದ ವರ್ಷ ಕುರಿಯೇ ಗತಿ. ಊರಿಗೆ ಹೊಂದಿಕೊಂಡು ಹರಡಿರುವ ಹುಲ್ಲುಗಾವಲಿಗೆ ಉಳ್ಳಾರ್ತಿ ಕಾವಲು ಎಂದು ಹೆಸರು. ಕುರಿಯಿದ್ದ ಕಡೆ ಉಣ್ಣೆ, ಉಣ್ಣೆಯಿದ್ದ ಕಡೆ ಕಂಬಳಿ. ಈ ಸೀಮೆಯ ಕಂಬಳಿ ಕೆಲಸದಲ್ಲಿ ನೂಲುವುದು ಹೆಚ್ಚಾಗಿ ಹೆಂಗಸರ ಪಾಲು, ನೇಯುವುದು ಗಂಡಸರ ಪಾಲು. ನೂಲಿಗೆ ಹುಣಿಸೆ ಬೀಜದ ಗಂಜಿ ಹಾಕಿ, ಒಣಗಿಸಿ, ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗಕ್ಕೆ ಏರಿಸುತ್ತಾರೆ.

ಇಂಥ ಊರಿನಲ್ಲಿ ಪಿಯುಸಿ ಓದುವ ಒಬ್ಬ ಹುಡುಗಿ, ಪಕ್ಕದ ಮನೆಯಲ್ಲಿ ಉಣ್ಣೆ ನೂಲುವ ಒಬ್ಬ ಅಜ್ಜಿ ಎಂದು ಇಟ್ಟುಕೊಳ್ಳಿ. ಇದು ಯಾರೋ ಒಬ್ಬರ ನಿಜಕಥೆಯಲ್ಲ; ವಿಷಯ ತಿಳಿಯಲೆಂದು ನಾವು ಬರೆದುಕೊಂಡ ಚಿತ್ರ. ಅಜ್ಜಿಯ ಮಕ್ಕಳು ಬೆಂಗಳೂರಿನಲ್ಲಿ ಕೂಲಿಗೆ ಇದ್ದಾರೆ. ಅಜ್ಜಿಗೆ ಕಣ್ಣು ಮಂಜು. ಮಾತ್ರೆಯ ಪಟ್ಟಿಯ ಮೇಲೆ ಏನು ಬರೆದಿದೆ ಎಂದು ಓದಿಸಲು ಹುಡುಗಿಯನ್ನು ಕರೆಯುತ್ತಾಳೆ. ಮೊದಲ ದಿನ ಮಾತ್ರೆ, ಎರಡನೆಯ ದಿನ ಪಿಂಚಣಿಯ ಕಾಗದ, ಮೂರನೆಯ ದಿನ ಏನೂ ಇಲ್ಲ, ಸುಮ್ಮನೆ. ‘ಬಾ ಕಣವ್ವ, ಕುಂತ್ಕೋ. ಓದೋದು ಇದ್ದೇ ಐತೆ.’ ಅಲ್ಲಿಂದ ಶುರು.

ಅಜ್ಜಿ ಏನು ಮಾತಾಡುತ್ತಾಳೆ? ನಿಮ್ಮ ಮನೆಯ ಅಥವಾ ಬೀದಿಯ ಹಿರಿಯರನ್ನು ಒಮ್ಮೆ ನೆನಪಿಸಿಕೊಳ್ಳಿ. ಹೋದ ವರ್ಷ ನಡೆದದ್ದನ್ನು ಅವರು ಅಷ್ಟಾಗಿ ಹೇಳುವುದಿಲ್ಲ. ನಲವತ್ತು ದಾಟಿದ ಮೇಲಿನ ಸಂಗತಿಗಳೂ ಕಡಿಮೆಯೇ. ಹೇಳುವುದೆಲ್ಲ ಬೇರೆ: ಮೊದಲ ಸಲ ಜಾತ್ರೆಗೆ ಹೋದದ್ದು, ಶಾಲೆ ಬಿಡಿಸಿದ್ದು, ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಗೆ ಹೆದರಿ ಅಟ್ಟದ ಹಿಂದೆ ಅತ್ತದ್ದು, ಬರ ಬಿದ್ದ ವರ್ಷ ಕುರಿ ಹೊಡೆದುಕೊಂಡು ಹೋದದ್ದು. ಇದು ಆಕಸ್ಮಿಕವಲ್ಲ. 1980ರ ದಶಕದಿಂದ ಈಚೆಗೆ ನೆನಪಿನ ಬಗ್ಗೆ ಅಭ್ಯಾಸ ಮಾಡಿದ ಮನಶ್ಶಾಸ್ತ್ರಜ್ಞರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ವಯಸ್ಸಾದವರಿಗೆ ತಮ್ಮ ಬದುಕಿನ ನೆನಪುಗಳನ್ನು ಹೇಳಲು ಕೇಳಿದರೆ, ಸುಮಾರು ಹತ್ತರಿಂದ ಮೂವತ್ತರ ಒಳಗಿನ ವಯಸ್ಸಿನ ಸಂಗತಿಗಳು ಉಳಿದ ಕಾಲದವುಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಾಗಿ ಬರುತ್ತವೆ. ನೆನಪುಗಳನ್ನು ನಕ್ಷೆಯಾಗಿ ಬರೆದರೆ ಆ ವಯಸ್ಸಿನ ಹತ್ತಿರ ಒಂದು ದಿಬ್ಬ ಏಳುತ್ತದೆ. ಮೊದಲ ಅನುಭವಗಳೆಲ್ಲ ಅಲ್ಲಿಯೇ ಇರುವುದು ಇದಕ್ಕೆ ಒಂದು ಕಾರಣ ಎನ್ನುತ್ತಾರೆ.

ಇದರ ಅರ್ಥವನ್ನು ಗಮನಿಸಿ. ಎಪ್ಪತ್ತಾರರ ಅಜ್ಜಿಯ ಮುಂದೆ ಕುಳಿತ ಹುಡುಗಿ ಹೆಚ್ಚು ಹೊತ್ತು ಕೇಳುವುದು ತನ್ನದೇ ವಯಸ್ಸಿನ ಒಬ್ಬ ಹುಡುಗಿಯ ಮಾತನ್ನು. ಸುಕ್ಕುಗಟ್ಟಿದ ಮುಖದ ಹಿಂದೆ ಹದಿನಾರರ ಹುಡುಗಿಯೊಬ್ಬಳು ಇದ್ದಾಳೆ. ಅವಳಿಗೂ ಹೆದರಿಕೆಯಿತ್ತು, ಆಸೆಯಿತ್ತು, ಅಪ್ಪನ ಮೇಲೆ ಸಿಟ್ಟಿತ್ತು. ಒಂದು ವ್ಯತ್ಯಾಸವಿದೆ. ಆ ಹುಡುಗಿಗೆ ಮುಂದೇನಾಯಿತು ಎಂಬುದು ಇಲ್ಲಿ ಗೊತ್ತಿದೆ. ‘ಆವತ್ತು ನನ್ನ ಬದುಕೇ ಮುಗೀತು ಅಂದ್ಕೊಂಡಿದ್ದೆ’ ಎಂದು ಅಜ್ಜಿ ಹೇಳಿ, ಅದರ ಮೇಲೆ ಇನ್ನೂ ಅರವತ್ತು ವರ್ಷದ ಕಥೆ ಹೇಳುತ್ತಾಳಲ್ಲ, ಅದನ್ನು ಯಾವ ಸಹಪಾಠಿಯೂ ಹೇಳಲಾರಳು. ಪರೀಕ್ಷೆಯಲ್ಲಿ ನಪಾಸಾದರೆ, ಗೆಳತಿ ಮಾತು ಬಿಟ್ಟರೆ, ಲೋಕವೇ ಮುಳುಗಿತು ಎಂದು ತೋರುವ ವಯಸ್ಸು ನಿಮ್ಮದು. ಕಾಲ ಉದ್ದವಾಗಿದೆ ಎಂಬುದನ್ನು ಪುಸ್ತಕ ಹೇಳಿದರೆ ನಾಟುವುದಿಲ್ಲ. ಉದ್ದದ ಕಾಲವನ್ನು ಬದುಕಿದ ಒಬ್ಬರು ಎದುರಿಗೆ ಕುಳಿತು ನೂಲುತ್ತಿದ್ದರೆ ನಾಟುತ್ತದೆ.

‘ಹೇಳಿದ್ದನ್ನೇ ಹೇಳ್ತಾರೆ’ ಎಂಬುದು ಹಿರಿಯರ ಮೇಲೆ ಕಿರಿಯರ ಮೊದಲ ದೂರು. ‘ಅರವತ್ತಕ್ಕೆ ಅರಳುಮರಳು’ ಎಂದು ಗಾದೆಯನ್ನೂ ಮಾಡಿಟ್ಟಿದ್ದೇವೆ. 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಈ ವಿಷಯದಲ್ಲಿ ಒಂದು ಲೇಖನ ಬರೆದರು. ಮುದುಕರು ಹಳೆಯದನ್ನು ಮೆಲುಕು ಹಾಕುವುದು ರೋಗದ ಚಿಹ್ನೆ ಎಂದು ಆಗ ವೈದ್ಯರೂ ನಂಬಿದ್ದರು. ಬಟ್ಲರ್ ಅದನ್ನು ಒಪ್ಪಲಿಲ್ಲ. ಸಾವು ಹತ್ತಿರವಾಗುತ್ತಿದೆ ಎಂಬ ಅರಿವಿನಲ್ಲಿ ಮನುಷ್ಯ ತನ್ನ ಬದುಕನ್ನು ತಿರುಗಿ ನೋಡುತ್ತಾನೆ, ಬಗೆಹರಿಯದೆ ಉಳಿದದ್ದನ್ನು ಬಗೆಹರಿಸಿಕೊಳ್ಳಲು ಯತ್ನಿಸುತ್ತಾನೆ, ಇದು ಸಹಜವಾದ ಕೆಲಸ ಎಂದರು. ಮರೆವಿನ ರೋಗ ಬೇರೆ, ಅದಕ್ಕೆ ವೈದ್ಯರ ಹತ್ತಿರ ಹೋಗಬೇಕು. ಆದರೆ ಆರೋಗ್ಯವಾಗಿರುವ ಅಜ್ಜಿ ಶಾಲೆ ಬಿಡಿಸಿದ ಕಥೆಯನ್ನು ಐದನೆಯ ಸಲ ಹೇಳಿದರೆ, ಆ ಲೆಕ್ಕ ಅವಳ ಮನಸ್ಸಿನಲ್ಲಿ ಇನ್ನೂ ಚುಕ್ತಾ ಆಗಿಲ್ಲ ಎಂದು ತಿಳಿಯಬಹುದು. ಐದನೆಯ ಸಲ ಗಮನವಿಟ್ಟು ಕೇಳಿದವರಿಗೆ ಮೊದಲ ನಾಲ್ಕು ಸಲ ಇರದಿದ್ದ ಒಂದು ಮಾತು ಸಿಕ್ಕೀತು.

ಇಲ್ಲಿ ಇನ್ನೊಬ್ಬ ಚಿಂತಕರ ವಿಚಾರವನ್ನೂ ಸೇರಿಸಿಕೊಳ್ಳಬೇಕು. ಎರಿಕ್ ಎರಿಕ್‌ಸನ್ 1950ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮನುಷ್ಯನ ಬದುಕನ್ನು ಎಂಟು ಘಟ್ಟಗಳಾಗಿ ವಿಂಗಡಿಸಿದರು. ಐದನೆಯದು ಹದಿಹರೆಯ. ‘ನಾನು ಯಾರು, ಏನಾಗಬೇಕು?’ ಎಂಬುದು ಆ ಘಟ್ಟದ ಪ್ರಶ್ನೆ. ಎಂಟನೆಯದು ಮುಪ್ಪು. ‘ನಾನು ಏನಾದೆ, ಅದು ಸರಿಯಾಯಿತೇ?’ ಎಂಬುದು ಅಲ್ಲಿಯ ಪ್ರಶ್ನೆ. ನಡುವಿನವರಿಗೆ, ಅಂದರೆ ನಮ್ಮ ನಿಮ್ಮ ತಂದೆತಾಯಿಗಳಿಗೆ, ಇಂಥ ಪ್ರಶ್ನೆ ಕೇಳಿಕೊಳ್ಳಲು ಪುರುಸೊತ್ತಿಲ್ಲ. ಸಾಲ, ಫೀಸು, ಬಿತ್ತನೆ, ಮಗಳ ಮದುವೆ ಎಂದು ಓಡುತ್ತಿರುತ್ತಾರೆ. ‘ನಾನು’ ಎಂಬುದರ ಬಗ್ಗೆ ಕುಳಿತು ಯೋಚಿಸುವವರು ಮನೆಯಲ್ಲಿ ಇಬ್ಬರೇ: ಚಿಕ್ಕವರು ಮತ್ತು ಮುದುಕರು. ಹೊತ್ತು ಇರುವುದೂ ಆ ಇಬ್ಬರಿಗೇ.

ಇದು ಪಶ್ಚಿಮದವರು ಬಂದು ಕಂಡುಹಿಡಿಯಬೇಕಾದ ಸಂಗತಿಯೂ ಅಲ್ಲ. ಅಜ್ಜನಿಗೂ ಮೊಮ್ಮಗಳಿಗೂ ನಡೆಯುವ ತಮಾಷೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ‘ನನ್ನೇ ಮದುವೆ ಆಗ್ತೀಯೇನೇ?’ ಎಂದು ತಾತ ಕೇಳುವುದು, ‘ಹಲ್ಲು ಕಟ್ಟಿಸ್ಕೊಂಡು ಬಾ ಹೋಗು’ ಎಂದು ಮೊಮ್ಮಗಳು ಹೇಳುವುದು. ಅದೇ ಮಾತನ್ನು ಅಪ್ಪನಿಗೆ ಹೇಳಿದರೆ ಕೆನ್ನೆಗೆ ಬೀಳುತ್ತದೆ. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ 1940ರಲ್ಲಿ ಇಂಥ ಪರಿಹಾಸ್ಯದ ಸಂಬಂಧಗಳನ್ನು ಕುರಿತು ಬರೆಯುತ್ತ, ಒಂದು ತಲೆಮಾರು ಬಿಟ್ಟು ಇನ್ನೊಂದು ತಲೆಮಾರಿನವರ ನಡುವೆ ಸಲುಗೆ ಇರುವುದು ಲೋಕದ ಹಲವು ಸಮಾಜಗಳಲ್ಲಿದೆ ಎಂದು ತೋರಿಸಿದರು. ಶಿಸ್ತು ಕಲಿಸುವ ಭಾರ ತಂದೆತಾಯಿಗಳ ಮೇಲಿದೆ, ಆದ್ದರಿಂದ ಅಲ್ಲಿ ಬಿಗಿ. ಅಜ್ಜ ಅಜ್ಜಿಯರ ಮೇಲೆ ಆ ಭಾರವಿಲ್ಲ. ಮೊಮ್ಮಗನಿಗೆ ಅಜ್ಜನ ಹೆಸರಿಟ್ಟು, ಮಾವನ ಹೆಸರು ಹೇಳಬಾರದೆಂದು ಸೊಸೆ ತನ್ನ ಮಗನನ್ನೇ ‘ಅಪ್ಪಯ್ಯ’ ಎಂದು ಕರೆಯುವ ಪದ್ಧತಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ!

ಮಕ್ಕಳ ಕಡೆಯಿಂದ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಇಂದಿನ ವಿದ್ಯಾರ್ಥಿಯನ್ನು ಸುತ್ತಲಿನವರೆಲ್ಲ ಅಳೆಯುತ್ತಿರುತ್ತಾರೆ. ಮೇಷ್ಟರು ಅಂಕದಿಂದ, ಅಪ್ಪ ಪಕ್ಕದ ಮನೆಯವರ ಮಗನ ಅಂಕದಿಂದ, ಗೆಳೆಯರು ಬಟ್ಟೆಯಿಂದ, ಮೊಬೈಲಿನಿಂದ. ಪಕ್ಕದ ಮನೆಯ ಅಜ್ಜಿಗೆ ಇದಾವುದೂ ಬೇಕಿಲ್ಲ. ಅವಳಿಗೆ ಬೇಕಾದ್ದು ಕಣ್ಣಿಗೆ ಕಾಣದ ಅಕ್ಷರವನ್ನು ಓದಿ ಹೇಳುವವರು, ನಾಳೆಯೂ ಬರುವವರು. ಹದಿಹರೆಯದವರನ್ನು ಬೆಳೆಸುವುದು ಬುದ್ಧಿವಾದ ಎಂದು ನಾವು ತಿಳಿದಿದ್ದೇವೆ. ನನಗೆ ಹಾಗೆ ತೋರುವುದಿಲ್ಲ. ‘ನಾನು ಹೋಗದಿದ್ದರೆ ಅಲ್ಲಿ ಒಬ್ಬರು ಕಾಯುತ್ತಿರುತ್ತಾರೆ’ ಎಂಬ ತಿಳಿವಳಿಕೆ ಸಾವಿರ ಬುದ್ಧಿವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಆರ್. ಕೆ. ನಾರಾಯಣ್ 1935ರಲ್ಲಿ ಪ್ರಕಟಿಸಿದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಇದಕ್ಕೆ ಒಂದು ಚಿಕ್ಕ ನಿದರ್ಶನವಿದೆ. ಶಂಕರ್‌ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಸ್ವಾಮಿಯೂ ಅವನ ಅಜ್ಜಿಯೂ ದೂರದರ್ಶನದ ವೀಕ್ಷಕರಿಗೆ ಮನೆಯವರೇ ಆಗಿಬಿಟ್ಟಿದ್ದಾರೆ. ಕಾದಂಬರಿಯಲ್ಲಿ ಕ್ರಿಕೆಟ್ ಆಟಗಾರರ ಹೆಸರೇ ಗೊತ್ತಿಲ್ಲದ ಅಜ್ಜಿಯನ್ನು ಕಂಡು ಸ್ವಾಮಿಗೆ ಕನಿಕರ. ಅಂಥ ಅಜ್ಜಿ ಒಮ್ಮೆ ಹೊಟ್ಟೆನೋವೆಂದು ನಿಂಬೆಹಣ್ಣು ತರಲು ಹೇಳುತ್ತಾಳೆ. ಹುಡುಗನಿಗೆ ಆಟದ ಆತುರ, ಓಡಿಹೋಗುತ್ತಾನೆ. ಆಟದ ನಡುವೆ ಅಜ್ಜಿಯ ನೆನಪು ಚುಚ್ಚತೊಡಗುತ್ತದೆ. ಅವನಿಗೆ ಯಾರೂ ಬೈದಿಲ್ಲ, ಯಾರೂ ನೀತಿ ಹೇಳಿಲ್ಲ. ಸ್ವಾಮಿ ಇನ್ನೂ ಚಿಕ್ಕವನು, ನಮ್ಮ ಹದಿಹರೆಯದ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಆ ಚುಚ್ಚುವಿಕೆ ಯಾವ ಬಗೆಯದು ಎಂಬುದನ್ನು ನಾರಾಯಣ್ ಒಂದು ನಿಂಬೆಹಣ್ಣಿನಲ್ಲಿ ತೋರಿಸಿಬಿಟ್ಟರು.

ಮತ್ತೆ ಚಳ್ಳಕೆರೆ ಸೀಮೆಗೆ ಬರೋಣ. ಹಿರಿಯರ ಜೊತೆಗಿನ ಗೆಳೆತನ ತಪ್ಪಿದರೆ ಕಳೆದುಹೋಗುವುದೇನು ಎಂಬುದಕ್ಕೆ ಈ ತಾಲ್ಲೂಕಿನಲ್ಲಿಯೇ ದೊಡ್ಡ ಸಾಕ್ಷಿಯಿದೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರನ್ನು ನೀವು ಕೇಳಿರಬಹುದು. ಕಾಡುಗೊಲ್ಲರ ಈ ಹೆಣ್ಣುಮಗಳು ಅಕ್ಷರ ಕಲಿತವಳಲ್ಲ. ಸಾವಿರಾರು ಹಾಡುಗಳು ಆಕೆಯ ನೆನಪಿನಲ್ಲಿದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಆಕೆಯ ಬಳಿ ಕುಳಿತು ಹಾಡುಗಳನ್ನು ಕೇಳಿ ಬರೆದುಕೊಂಡು, ‘ಸಾವಿರದ ಸಿರಿ ಬೆಳಗು’ ಎಂಬ ಪುಸ್ತಕವಾಗಿ ಹೊರತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಅನಕ್ಷರಸ್ಥೆಗೆ ನಾಡೋಜ ಗೌರವ ನೀಡಿತು. ಈಗ ಸಿರಿಯಜ್ಜಿ ಇಲ್ಲ.

ಸಿರಿಯಜ್ಜಿಯಂಥವರು ಹಾಡನ್ನು ಪುಸ್ತಕ ನೋಡಿ ಕಲಿಯಲಿಲ್ಲ, ಯಾರೂ ಪಾಠ ಹೇಳಿ ಕಲಿಸಲೂ ಇಲ್ಲ. ಬೀಸುವಾಗ, ಕುಟ್ಟುವಾಗ, ಮದುವೆಯ ಸೋಬಾನೆಗೆ ಕುಳಿತಾಗ ಹಿರಿಯ ಹೆಂಗಸರು ಹಾಡುತ್ತಾರೆ, ಕಿರಿಯ ಹುಡುಗಿಯರು ಸೊಲ್ಲಿಗೆ ಸೊಲ್ಲು ಸೇರಿಸುತ್ತಾರೆ. ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪರ ಕಥೆಗಳು ಹೀಗೆಯೇ ಬಾಯಿಂದ ಬಾಯಿಗೆ ಬಂದವು. ಪುರ್ಲಹಳ್ಳಿಯ ಕ್ಯಾತಪ್ಪನ ಜಾತ್ರೆಯಲ್ಲಿ ಮುಳ್ಳಿನ ಗುಡಿ ಕಟ್ಟಿ, ಯುವಕರು ಬರಿಗಾಲಿನಲ್ಲಿ ಅದರ ಮೇಲೆ ಹತ್ತಿ ಕಳಶ ಇಳಿಸುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಹತ್ತುವುದನ್ನು ನೋಡಿದರೆ ತಿಳಿಯುತ್ತದೆ. ಯಾಕೆ ಹತ್ತುತ್ತಾರೆ ಎಂಬುದನ್ನು ಯಾರಾದರೂ ಹೇಳಬೇಕು. ನೂರು ವರ್ಷ ಹಿಂದೆ ಹದಿನಾರರ ಹುಡುಗಿಗೆ ಹಿರಿಯರ ಪಕ್ಕದಲ್ಲಿ ಕೂರುವುದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ; ಬೀಸುವ ಕಲ್ಲು ಇಬ್ಬರನ್ನೂ ಎದುರುಬದುರು ಕೂರಿಸುತ್ತಿತ್ತು. ಹಿಟ್ಟಿನ ಗಿರಣಿ ಬಂತು, ಕೈನೋವು ತಪ್ಪಿತು, ಒಳ್ಳೆಯದೇ ಆಯಿತು. ಎದುರುಬದುರು ಕೂರುವುದೂ ತಪ್ಪಿತು. ಈಗ ನಾವಾಗಿಯೇ ಹೋಗಿ ಕೂತರೆ ಉಂಟು.

ಕಾವಲಿನ ವಿಷಯವೂ ಹೀಗೆಯೇ. ಮೈಸೂರು ಅರಸ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಬೆಣ್ಣೆ ಚಾವಡಿ ಎಂಬ ಹೆಸರಿನ ದನದ ಇಲಾಖೆಯಿತ್ತು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ರಾಸುಗಳ ಮೇವಿಗೆಂದು ನಾಡಿನ ಹಲವು ಕಡೆ ಬಿಟ್ಟ ಹುಲ್ಲುಗಾವಲುಗಳೇ ಅಮೃತ ಮಹಲ್ ಕಾವಲುಗಳು. ಸುತ್ತಲಿನ ಹಳ್ಳಿಗಳ ಕುರಿ ದನಗಳೂ ತಲೆಮಾರುಗಳಿಂದ ಅಲ್ಲಿ ಮೇಯುತ್ತ ಬಂದವು. 2008ರಿಂದ ಈಚೆಗೆ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸಾವಿರಾರು ಎಕರೆ ಜಮೀನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು, ಬೇಲಿ ಗೋಡೆಗಳು ಬಂದವು, ಹಳ್ಳಿಯವರು ಹೋರಾಟ ಮಾಡಿದರು, ನ್ಯಾಯಾಲಯಕ್ಕೂ ಹೋದರು. ದೇಶಕ್ಕೆ ಸಂಶೋಧನೆ ಬೇಕು, ಕುರಿಗೆ ಹುಲ್ಲು ಬೇಕು. ಆ ಚರ್ಚೆಯನ್ನು ಇಲ್ಲಿ ತೀರ್ಮಾನಿಸಲು ಆಗುವುದಿಲ್ಲ. ನಮ್ಮ ವಿಷಯಕ್ಕೆ ಬೇಕಾದ್ದು ಇಷ್ಟು. ಇಂದು ದೊಡ್ಡಉಳ್ಳಾರ್ತಿಯಲ್ಲಿ ಹದಿನಾರು ತುಂಬಿದ ಹುಡುಗನಿಗೆ ಬೇಲಿಯಿಲ್ಲದ ಕಾವಲು ನೆನಪಿರಲಾರದು. ಯಾವ ಹಳ್ಳದಲ್ಲಿ ನೀರು ಕಡೆಯ ತನಕ ನಿಲ್ಲುತ್ತಿತ್ತು, ಯಾವ ಹುಲ್ಲು ಯಾವ ಮಳೆಗೆ ಏಳುತ್ತಿತ್ತು, ಕೃಷ್ಣಮೃಗ ಯಾವ ದಿಬ್ಬದ ಮೇಲೆ ನಿಲ್ಲುತ್ತಿತ್ತು ಎಂಬುದು ಕುರಿ ಕಾದ ಮುದುಕರ ತಲೆಯಲ್ಲಿದೆ. ನಕಾಶೆಯಲ್ಲಿ ಸಿಗುವುದು ಸರ್ವೆ ನಂಬರು ಮಾತ್ರ. ತನ್ನ ಊರಿನ ಬಗ್ಗೆ ಒಂದು ಅಭಿಪ್ರಾಯ ತಾಳಬೇಕಾದರೆ, ನಾಳೆ ಮತ ಹಾಕಬೇಕಾದ ಆ ಹುಡುಗ ಎರಡನ್ನೂ ತಿಳಿದಿರಬೇಕಲ್ಲವೇ?

ಹಾಗಾದರೆ ಹಿರಿಯರು ಹೇಳಿದ್ದೆಲ್ಲ ಸರಿಯೇ? ಅಲ್ಲ. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ‘ಹೆಣ್ಣಿಗೆ ಇಷ್ಟು ಓದು ಸಾಕು’ ಎನ್ನುವ ಅಜ್ಜಿಯರಿದ್ದಾರೆ. ಕೇರಿಯ ಹುಡುಗನನ್ನು ಜಗಲಿಯ ಮೇಲೆ ಕೂರಿಸದ ಅಜ್ಜಂದಿರಿದ್ದಾರೆ. ಇದೇ ಸೀಮೆಯ ಹಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಹಸಿ ಬಾಣಂತಿಯರನ್ನೂ ಊರ ಹೊರಗೆ ಇರಿಸುವ ಕಟ್ಟಳೆ ಬಹಳ ಕಾಲದಿಂದ ನಡೆದುಬಂದಿದೆ. 2017ರ ಮೌಢ್ಯ ವಿರೋಧಿ ಕಾಯಿದೆ ಇಂಥ ಪದ್ಧತಿಯನ್ನು ಅಪರಾಧವೆಂದು ಸಾರಿದೆ. ಕಟ್ಟಳೆಯನ್ನು ಕಾಯುವವರಲ್ಲಿ ಅಜ್ಜಿಯರೂ ಇರುತ್ತಾರೆ. ಇಂಥಲ್ಲಿ ವಿಜ್ಞಾನ ಓದಿದ ಹುಡುಗಿ ಏನು ಮಾಡಬೇಕು? ಅಜ್ಜಿಯ ಹಾಡು ಬೇಕು, ಕಟ್ಟಳೆ ಬೇಡ ಎಂದು ಸೀಳಿ ತೆಗೆಯಲು ಬರುತ್ತದೆಯೇ?

ಕಷ್ಟ. ಆದರೆ ಗೆಳೆತನ ಇರುವ ಕಡೆ ಒಂದು ದಾರಿ ತೆರೆಯುತ್ತದೆ. ‘ನಿಮ್ಮದು ಮೂಢನಂಬಿಕೆ’ ಎಂದು ಹೊರಗಿನಿಂದ ಬಂದವರು ಹೇಳಿದರೆ ಅಜ್ಜಿ ಬಾಗಿಲು ಹಾಕಿಕೊಳ್ಳುತ್ತಾಳೆ. ದಿನವೂ ಬರುವ ಹುಡುಗಿ, ‘ಅಜ್ಜೀ, ನೀನು ಹೊರಗಿದ್ದಾಗ ಮಳೆ ಬಂದ್ರೆ ಏನು ಮಾಡ್ತಿದ್ದೆ? ಕೂಸಿಗೆ ಚಳಿ ಆಗ್ತಿರ್ಲಿಲ್ವಾ?’ ಎಂದು ಕೇಳಿದರೆ ಉತ್ತರ ಬೇರೆಯಾಗಿರುತ್ತದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಾಳು. ಕಟ್ಟಳೆಯನ್ನು ಕಾಯುವವಳೇ ಅದರಲ್ಲಿ ನೊಂದವಳೂ ಹೌದು ಎಂಬುದು ಆಗ ಇಬ್ಬರಿಗೂ ಕಾಣುತ್ತದೆ. ಒಬ್ಬರನ್ನು ಪ್ರೀತಿಸಿಯೂ ಅವರ ಮಾತನ್ನು ಒಪ್ಪದಿರಬಹುದು, ಒಪ್ಪದೆಯೂ ನಾಳೆ ಮತ್ತೆ ಅವರ ಮನೆಗೆ ಹೋಗಬಹುದು. ಇದು ಬಹಳ ಜನ ದೊಡ್ಡವರಿಗೂ ಬಾರದ ವಿದ್ಯೆ. ಒಂದೇ ವಯಸ್ಸಿನ, ಒಂದೇ ಅಭಿಪ್ರಾಯದ ಗುಂಪಿನಲ್ಲಿ ಇದಕ್ಕೆ ಅಭ್ಯಾಸವೇ ಸಿಗುವುದಿಲ್ಲ.

ಹಳ್ಳಿಯಲ್ಲಿ ಮುದುಕರು ಕಣ್ಣಿಗಾದರೂ ಬೀಳುತ್ತಾರೆ. ಪಟ್ಟಣದಲ್ಲಿ ಹಾಗಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ಈಗ ಆ ಸಂಖ್ಯೆ ಇನ್ನೂ ಏರಿದೆ. ಮನೆಗಳು ಚಿಕ್ಕದಾದವು, ಅಜ್ಜಿ ಊರಿನಲ್ಲಿ, ಮೊಮ್ಮಗ ಬೆಂಗಳೂರಿನಲ್ಲಿ. ಇದಕ್ಕೆ ಬೇರೆ ದೇಶದವರು ಹುಡುಕಿಕೊಂಡ ಒಂದು ಉಪಾಯ ಕೇಳಿ. ನೆದರ್‌ಲೆಂಡ್ಸ್ ದೇಶದ ಡೆವೆಂಟರ್ ಎಂಬ ಊರಿನಲ್ಲಿ ಹ್ಯುಮಾನಿಟಾಸ್ ಎಂಬ ವೃದ್ಧರ ವಸತಿ ಇದೆ. ಸುಮಾರು 2012–13ರಲ್ಲಿ ಅಲ್ಲಿಯ ಆಡಳಿತ ಕೆಲವು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ ಕೊಟ್ಟಿತು. ತಿಂಗಳಿಗೆ ಮೂವತ್ತು ಗಂಟೆ ಅಲ್ಲಿಯ ಹಿರಿಯರೊಂದಿಗೆ ಒಳ್ಳೆಯ ನೆರೆಯವರಾಗಿ ಕಾಲ ಕಳೆಯಬೇಕು ಎಂಬುದು ಷರತ್ತು. ಒಟ್ಟಿಗೆ ಊಟ ಮಾಡುವುದು, ಮಾತಾಡುವುದು, ಇಂಥದು. ಬಾಡಿಗೆಗಾಗಿ ಶುರುವಾದದ್ದು ಗೆಳೆತನವಾದೀತೇ ಎಂದು ನೀವು ಕೇಳಬಹುದು. ನಮ್ಮ ದೊಡ್ಡಉಳ್ಳಾರ್ತಿಯ ಚಿತ್ರದಲ್ಲೂ ಮಾತ್ರೆಯ ಪಟ್ಟಿಯಿಂದ ತಾನೇ ಶುರುವಾದದ್ದು?

ಒಂದೆರಡು ವ್ಯಾವಹಾರಿಕ ಮಾತುಗಳು. ಇಂಥ ಗೆಳೆತನ ಮನೆಯವರಿಗೆ ಗೊತ್ತಿರಲಿ, ಬಾಗಿಲು ತೆರೆದಿರಲಿ. ಮನಸ್ಸಿಗೆ ಹಿತವಲ್ಲದ ವರ್ತನೆ ಯಾರಿಂದ ಬಂದರೂ, ಅವರು ಎಷ್ಟೇ ಹಿರಿಯರಾದರೂ, ಕೂಡಲೇ ಎದ್ದುಬಂದು ಮನೆಯಲ್ಲಿ ಹೇಳಬೇಕು. ಹಿರಿಯರ ಹಣಕಾಸಿನ ಕಾಗದ ಓದಿ ಹೇಳಿ, ಆದರೆ ಸಹಿ, ಹೆಬ್ಬೆಟ್ಟಿನ ವ್ಯವಹಾರದಲ್ಲಿ ಅವರ ಮನೆಯವರನ್ನು ಕೂರಿಸಿಕೊಳ್ಳಿ. 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯ ಪಿಂಚಣಿ ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸುವುದು ಒಬ್ಬ ಕಾಲೇಜು ವಿದ್ಯಾರ್ಥಿಗೆ ಅರ್ಧ ಗಂಟೆಯ ಕೆಲಸ, ಓದು ಬಾರದ ಅಜ್ಜಿಗೆ ನಾಲ್ಕು ದಿನದ ಅಲೆದಾಟ. ಮಾತು ಹೇಗೆ ಶುರು ಮಾಡುವುದೆಂದು ತಿಳಿಯದಿದ್ದರೆ ‘ನಿಮ್ಮ ಕಾಲದಲ್ಲಿ ಹೇಗಿತ್ತು?’ ಎಂದು ಕೇಳಬೇಡಿ. ಅದಕ್ಕೆ ಭಾಷಣವೇ ಉತ್ತರ. ‘ನನ್ನಷ್ಟು ವಯಸ್ಸಿದ್ದಾಗ ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತಿದ್ರಿ?’ ಎಂದು ಕೇಳಿ ನೋಡಿ.

ಇನ್ನು ಉಳಿದದ್ದು ಒಂದು ಮಾತು. ಎಪ್ಪತ್ತಾರರವರ ಗೆಳೆತನ ಮಾಡಿದವರು ಒಂದು ದಿನ ಅವರನ್ನು ಕಳೆದುಕೊಳ್ಳುತ್ತಾರೆ. ಬಹಳ ಹುಡುಗ ಹುಡುಗಿಯರಿಗೆ ಹತ್ತಿರದಿಂದ ಕಾಣುವ ಮೊದಲ ಸಾವು ಇಂಥದೇ. ಪರೀಕ್ಷೆ ಇದೆ, ಮನಸ್ಸು ಕೆಡುತ್ತದೆ ಎಂದು ಮನೆಯವರು ಅವರನ್ನು ದೂರ ಇರಿಸಲು ನೋಡುತ್ತಾರೆ. ಇರಿಸಬಾರದು. ಹೋಗಿ ನೋಡಲಿ, ಅಳಲಿ, ನೀರು ತಂದುಕೊಡಲಿ, ಬಂದವರಿಗೆ ಚಾಪೆ ಹಾಸಲಿ. ನಮ್ಮ ಚಿತ್ರದ ಹುಡುಗಿಗೂ ಆ ದಿನ ಬರುತ್ತದೆ. ಬೆಂಗಳೂರಿನಿಂದ ಅಜ್ಜಿಯ ಮಕ್ಕಳು ಬರುತ್ತಾರೆ. ಮೂಲೆಯಲ್ಲಿ ರಾಟೆ, ಅರ್ಧ ನೂತ ಉಣ್ಣೆ, ಮಾತ್ರೆಯ ಡಬ್ಬಿ. ನಮ್ಮವ್ವ ಹುಡುಗಿಯಾಗಿದ್ದಾಗ ಶಾಲೆಗೆ ಹೋಗಿದ್ಳಾ ಎಂದು ಮಗ ಯಾರನ್ನೋ ಕೇಳುತ್ತಾನೆ. ಅವನಿಗೆ ಗೊತ್ತಿರುವುದಿಲ್ಲ. ಬಾಗಿಲ ಬಳಿ ನಿಂತ ಹುಡುಗಿ ಹೇಳುತ್ತಾಳೆ, ‘ಮೂರನೇ ಕ್ಲಾಸಿನ ತನಕ ಹೋಗಿದ್ರು ಮಾವ. ಆಮೇಲೆ ಕುರಿ ಕಾಯಾಕೆ ಬಿಡಿಸಿದ್ರಂತೆ.’ ಅವನು ಅವಳನ್ನು ಒಳಗೆ ಕರೆದು, ಕುಳಿತು ಹೇಳು ಎನ್ನುತ್ತಾನೆ.